ಒಟಿಲಿಯಾಳ ಅರ್ಧ ಮೈಲಿ

ಮೇ ತಿಂಗಳ ಆ ಬುಧವಾರ ಮಧ್ಯಾಹ್ನ ಚರ್ಚಿನ ಊಟದ ಕೋಣೆಯಲ್ಲಿ ಒಂದು ಬಟ್ಟಲು ಸೂಪು ಯಾರೂ ಮುಟ್ಟದೆ ಉಳಿಯಿತು. ನನ್ನ ಹೆಂಡತಿ ನಮ್ಮ ನಡುವೆ ಇಲ್ಲವೆಂದು ಮೊದಲು ತಿಳಿದದ್ದು ಆ ಬಟ್ಟಲಿನಿಂದ.

ಬಡಿಸುತ್ತಿದ್ದವಳು ಕುನಿಗುಂಡಾ, ನನ್ನ ಗೆಳೆಯ ಬಾಲ್ಸರನ ಹೆಂಡತಿ. ಹೆದ್ದಾರಿಯಲ್ಲಿ ಕಸ ಹೆಕ್ಕಿದ ದಿನ ನಮಗೆಲ್ಲ ಅವಳೇ ಹಿಟ್ಟಿನುಂಡೆಯ ಕ್ನೆಫ್ಲಾ ಸೂಪು ಮಾಡಿ ಹಾಕುವುದು ಬಹಳ ವರ್ಷಗಳ ರೂಢಿ.

"ಇದ್ಯಾರದು? ತಣ್ಣಗಾಗ್ತಾ ಇದೆ. ಆಮೇಲೆ ಹಿಟ್ಟಿನುಂಡೆ ಗಟ್ಟಿ ಆಯ್ತು ಅಂತ ನನ್ನ ಬೈಬೇಡಿ" ಎಂದಳು.

"ಒಟಿಲಿಯಾದಿರ್ಬೇಕು. ಬಾಲ್ಸರನ ಕಾರಲ್ಲಿ ಬಂದಿದಾಳೆ. ಕೈ ತೊಳೀತಿರ್ತಾಳೆ" ಎಂದೆ ನಾನು.

ಬಾಲ್ಸರ್ ಬಾಯಲ್ಲಿ ರೊಟ್ಟಿ ಇಟ್ಟುಕೊಂಡೇ ತಲೆ ಎತ್ತಿದ. "ನನ್ನ ಕಾರಲ್ಲಾ? ಇಲ್ವಲ್ಲೋ. ಅವಳು ಯೂಜೀನಿಯಾ ಜೊತೆ ಪಟ್ಟಣಕ್ಕೆ ಹೋದಳಲ್ಲ, ಅವಳ ಮೊಮ್ಮಗಳ ಡ್ರೈವಿಂಗ್ ಲೈಸೆನ್ಸ್ ಪರೀಕ್ಷೆ ನೋಡೋಕೆ."

"ಹಾಗಂತ ಅವಳು ಹೇಳಿದ್ಲಾ?"

"ಹೇಳಲಿಲ್ಲ. ನಾನು ಅಂದ್ಕೊಂಡೆ."

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಯೂಜೀನಿಯಾ ಒಳಗೆ ಬಂದಳು. ಕೈಯಲ್ಲಿ ಒಂದು ಕಾಗದ ಹಿಡಿದು ಬಾವುಟದ ಹಾಗೆ ಆಡಿಸುತ್ತಿದ್ದಳು.

"ಪಾಸು! ನನ್ನ ಮೊಮ್ಮಗಳು ಮೂರನೇ ಸಲಕ್ಕೆ ಪಾಸು! ಎರಡು ಕಂಬದ ನಡುವೆ ಗಾಡಿ ಹಿಂದಕ್ಕೆ ತಗೊಂಡು ನಿಲ್ಲಿಸು ಅಂದ್ನಂತೆ ಆ ಪರೀಕ್ಷಕ. ಕಂಬಕ್ಕೆ ಕೂದಲೆಳೆ ತಾಗಲಿಲ್ಲ! ಒಟಿಲಿಯಾ ಎಲ್ಲಿ? ಅವಳಿಗೇ ಮೊದಲು ಹೇಳ್ತೀನಿ ಅಂದಿದ್ದೆ."

ಯೂಜೀನಿಯಾ ಒಬ್ಬೊಬ್ಬರ ಮುಖ ನೋಡುತ್ತಾ ಬಂದು ನನ್ನ ಮುಖದ ಮೇಲೆ ಕಣ್ಣು ನಿಲ್ಲಿಸಿದಳು. ಅವಳ ಕೈಯ ಕಾಗದ ಕೆಳಗಿಳಿಯಿತು. ನಾನು ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು.

ನಮ್ಮದು ಸಂತ ವೆಂಡೆಲಿನರ ಚರ್ಚು. ರಷ್ಯಾದ ಹುಲ್ಲುಗಾವಲಿನಿಂದ ಉತ್ತರ ಡಕೋಟಾದ ಈ ಹುಲ್ಲುಗಾವಲಿಗೆ ಬಂದ ಜರ್ಮನರು ನಮ್ಮ ಹಿರಿಯರು. ಇಪ್ಪತ್ತೆರಡು ವರ್ಷಗಳ ಹಿಂದೆ ನಮ್ಮ ಸಭೆಯ ಮುದುಕ ಮುದುಕಿಯರು ಊರ ಪಕ್ಕದ ರಾಜ್ಯ ಹೆದ್ದಾರಿಯಲ್ಲಿ ಎರಡು ಮೈಲಿಯನ್ನು ದತ್ತು ತೆಗೆದುಕೊಂಡೆವು. ಹೆದ್ದಾರಿ ಇಲಾಖೆಯವರು ನಮ್ಮ ಹೆಸರಿನ ನೀಲಿ ಫಲಕ ನೆಟ್ಟರು. ಹಳದಿ ಜಾಕೆಟ್ಟುಗಳನ್ನೂ ಕಿತ್ತಳೆ ಬಣ್ಣದ ಚೀಲಗಳನ್ನೂ ನಿಯಮಗಳ ಒಂದು ಹಾಳೆಯನ್ನೂ ಕೊಟ್ಟರು. ವರ್ಷಕ್ಕೆ ಮೂರು ಸಲ ಇಬ್ಬಿಬ್ಬರು ಜೊತೆಯಾಗಿ, ಜೋಡಿಗೆ ಅರ್ಧ ಮೈಲಿಯಂತೆ, ರಸ್ತೆ ಪಕ್ಕದ ಹುಲ್ಲಿನ ತಗ್ಗಿನಲ್ಲಿ ನಡೆದು ಕಸ ಹೆಕ್ಕುತ್ತೇವೆ. ಬಿಯರ್ ಡಬ್ಬಿ, ಕಾಫಿ ಲೋಟ, ಸೂರ್ಯಕಾಂತಿ ಬೀಜದ ಪೊಟ್ಟಣ, ಹರಿದ ಟೈರಿನ ಚೂರು. ಚೀಲ ತುಂಬಿದರೆ ಹುಲ್ಲು ಕಟ್ಟುವ ಕೆಂಪು ಹುರಿಯಿಂದ ಬಾಯಿ ಬಿಗಿದು ರಸ್ತೆಯ ಅಂಚಿಗೆ ಇಟ್ಟು ಮುಂದೆ ಹೋಗುತ್ತೇವೆ. ಮರುದಿನ ಇಲಾಖೆಯ ಲಾರಿ ಬಂದು ಎತ್ತಿಕೊಳ್ಳುತ್ತದೆ.

ಮೊಣಕಾಲು ಕೈಕೊಟ್ಟ ಮೇಲೆ ನಾನು ನಡೆಯುವುದಿಲ್ಲ. ನಾನು ತಂಡದ ಮುಖ್ಯಸ್ಥ. ಪಿಕಪ್ ಗಾಡಿ ಓಡಿಸುತ್ತೇನೆ, ಹೊರಡುವ ಮೊದಲು ನಿಯಮಗಳನ್ನು ಓದುತ್ತೇನೆ, ಕೊನೆಗೆ ಫಾರಮ್ಮಿಗೆ ಸಹಿ ಹಾಕುತ್ತೇನೆ. ಹೋದವರೆಷ್ಟು, ಕ್ಷೇಮವಾಗಿ ಮರಳಿದವರೆಷ್ಟು ಎಂದು ಬರೆಯಲು ಅದರಲ್ಲಿ ಎರಡು ಚೌಕಗಳಿವೆ. ತಲೆ ಎಣಿಸಬೇಕೆಂದು ನಿಯಮ. ನಾನು ಯಾವತ್ತೂ ಜಾಕೆಟ್ಟುಗಳನ್ನು ಎಣಿಸುತ್ತಿದ್ದೆ. ಬಂದವರು ಬಂದ ಹಾಗೆ ಜಾಕೆಟ್ ಬಿಚ್ಚಿ ಗಾಡಿಯ ಹಿಂದಿನ ಪೆಟ್ಟಿಗೆಗೆ ಹಾಕಿ, ಸಿಕ್ಕಿದ ಕಾರು ಹತ್ತಿ ಸೂಪಿಗೆ ಓಡುತ್ತಿದ್ದರು. ಅವರ ತಲೆಗಳನ್ನು ಎಲ್ಲಿ ಎಣಿಸುವುದು?

ಆ ದಿನ ಎಂಟು ಮಂದಿ ನಡೆದರು. ಕೊನೆಯ ಅರ್ಧ ಮೈಲಿ, ದಿಣ್ಣೆಯ ಆಚೆಗಿನದು, ಒಟಿಲಿಯಾ ಮತ್ತು ಯೂಜೀನಿಯಾರದು. ಹತ್ತು ಗಂಟೆಗೆ ಯೂಜೀನಿಯಾ ಮೊಮ್ಮಗಳ ಪರೀಕ್ಷೆಗೆಂದು ಹೊರಟಳು. ಪರೀಕ್ಷಕ ಜಿಲ್ಲಾ ಕಚೇರಿಗೆ ಬರುವುದು ಬುಧವಾರ ಮಾತ್ರ. "ನೀನು ಬಾಲ್ಸರ್ ಜೊತೆ ಸೇರ್ಕೋ" ಎಂದು ಅವಳು ಹೇಳಿದಳು, "ಆಗ್ಲಿ, ನೀ ಹೋಗು" ಎಂದು ಇವಳು ಹೇಳಿದಳು. ಆದರೆ ಒಟಿಲಿಯಾ ಸೇರಿಕೊಳ್ಳಲಿಲ್ಲ. ತನ್ನ ಪಾಲಿನದನ್ನು ಅರ್ಧಕ್ಕೆ ಬಿಡುವ ಹೆಂಗಸಲ್ಲ ಅವಳು. ಜೊತೆಗೆ ಬಹಳ ನಿಧಾನ. "ಒಟಿಲಿಯಾ ಅರ್ಧ ಮೈಲಿ ಮುಗಿಸೋ ಹೊತ್ತಿಗೆ ಮೊದಲಿನ ಒಂದೂವರೆ ಮೈಲೀಲಿ ಮತ್ತೆ ಕಸ ಬಿದ್ದಿರುತ್ತೆ" ಎಂದು ಬಾಲ್ಸರ್ ಯಾವಾಗಲೂ ಛೇಡಿಸುತ್ತಿದ್ದ.

ಹನ್ನೊಂದೂವರೆಗೆ ನಾನು ದಿಣ್ಣೆಯ ತನಕ ಹೋಗಿ ಗಾಡಿ ತಿರುಗಿಸಿದೆ. ಪೆಟ್ಟಿಗೆಯಲ್ಲಿ ಎಂಟು ಜಾಕೆಟ್ಟುಗಳಿದ್ದವು. ಎಂಟು ಹೋದವು, ಎಂಟು ಬಂದವು ಎಂದು ಬರೆದು ಸಹಿ ಹಾಕಿದೆ. ಅದರಲ್ಲೊಂದು ಆ ದಿನ ಯಾರ ಮೈಮೇಲೂ ಹೋಗಿರಲಿಲ್ಲ. ಹೋದ ಶರತ್ಕಾಲದಲ್ಲಿ ಜಿಪ್ ಕಿತ್ತುಹೋದ ಜಾಕೆಟ್ಟನ್ನು ಒಟಿಲಿಯಾ ಚಳಿಗಾಲದಲ್ಲಿ ಹೊಲಿದಿಟ್ಟು, ಬೆಳಿಗ್ಗೆ ತಂದು ಪೆಟ್ಟಿಗೆಯಲ್ಲಿ ಮಡಚಿಟ್ಟಿದ್ದಳು. ಅವಳೇ ಸರಿಮಾಡಿದ ಜಾಕೆಟ್ಟನ್ನು ನಾನು ಅವಳೆಂದು ಎಣಿಸಿದೆ.

ಸೂಪು ಬಿಟ್ಟು ಬಾಲ್ಸರನೊಡನೆ ಗಾಡಿಯಲ್ಲಿ ಹೋದಾಗ, ದಿಣ್ಣೆ ದಾಟಿ ಸ್ವಲ್ಪ ದೂರದಲ್ಲೇ ಅವಳು ಕಂಡಳು. ಬೇಲಿಯ ಕಂಬಕ್ಕೆ ಬೆನ್ನು ಒರಗಿಸಿ, ಕಾಲು ನೀಡಿ, ಹುಲ್ಲಿನಲ್ಲಿ ಕೂತಿದ್ದಳು. ಗದ್ದ ಎದೆಗೆ ತಾಗಿತ್ತು. ಬಾಲ್ಸರ್ ನನಗಿಂತ ಮೊದಲು ಓಡಿ, ಮುಟ್ಟಿ, ಟೊಪ್ಪಿ ತೆಗೆದ. ನಾನು ಪಕ್ಕದಲ್ಲಿ ಕೂತು ಅವಳ ಕೈ ಹಿಡಿದುಕೊಂಡೆ. ಬಿಸಿಲಿಗೆ ಕೈ ಇನ್ನೂ ಬೆಚ್ಚಗಿತ್ತು. ಗಾಳಿ ಹುಲ್ಲನ್ನು ಒಂದೇ ಕಡೆಗೆ ಬಾಗಿಸುತ್ತಿತ್ತು. ರಸ್ತೆಯಲ್ಲಿ ಒಂದೆರಡು ಕಾರು ಹೋದವು. ನಮ್ಮ ಕಡೆ ಎಲ್ಲರೂ ಮಾಡುವಂತೆ ಚಾಲಕರು ಸ್ಟಿಯರಿಂಗಿನ ಮೇಲಿಂದ ಒಂದು ಬೆರಳೆತ್ತಿ ನಮಗೆ ನಮಸ್ಕಾರ ಮಾಡಿದರು.

ಹೃದಯ ನಿಂತಿದೆ, ಸುಮಾರು ಹನ್ನೆರಡು ಗಂಟೆಗೆ, ಹೆಚ್ಚು ನೋವಾಗಿರಲಾರದು ಎಂದು ಡಾಕ್ಟರು ಹೇಳಿದರು. ಹನ್ನೆರಡು ಗಂಟೆಗೆ ನಾನು ರೊಟ್ಟಿಗೆ ಬೆಣ್ಣೆ ಹಚ್ಚುತ್ತಿದ್ದೆ.

ಒಂದು ಮಾತನ್ನು ಇಲ್ಲಿ ಹೇಳಬೇಕು. ಒಟಿಲಿಯಾಳ ತಂದೆ ಹಿಮಗಾಳಿಯಲ್ಲಿ ಕೊಟ್ಟಿಗೆಗೂ ಮನೆಗೂ ನಡುವೆ ದಾರಿ ತಪ್ಪಿ ಒಬ್ಬನೇ ಸತ್ತಿದ್ದ. ಆಗ ಅವಳಿಗೆ ಒಂಬತ್ತು ವರ್ಷ. ಅಂದಿನಿಂದ ಪ್ರತಿ ರಾತ್ರಿ ಮಲಗುವ ಮುನ್ನ ಒಂದು ಬೇಡಿಕೆ ಇಡುತ್ತಿದ್ದಳು: ಸಂತ ಜೋಸೆಫರೇ, ನನ್ನ ಕೊನೆಗಳಿಗೆಯಲ್ಲಿ ಯಾರಾದರೂ ಹತ್ತಿರ ಕೂತು ಪ್ರಾರ್ಥಿಸುವಂತೆ ಮಾಡಿ, ಒಬ್ಬಳೇ ಹೋಗುವಂತೆ ಮಾಡಬೇಡಿ. ಐವತ್ತಮೂರು ವರ್ಷ ಆ ಮಾತನ್ನು ಪಕ್ಕದ ದಿಂಬಿನಿಂದ ಕೇಳಿದ್ದೇನೆ. ಆ ಹೊತ್ತಿಗೆ ನಾನಿರುತ್ತೇನೆಂದು ಯಾವತ್ತೂ ಬಾಯಿ ಬಿಟ್ಟು ಹೇಳಿರಲಿಲ್ಲ, ಅದು ಹೇಳಬೇಕಾದ ಮಾತೆಂದು ಅನ್ನಿಸಿರಲಿಲ್ಲ. ಈಗ ಅವಳಿಗೆ ಪಾದ್ರಿಯೂ ಸಿಗಲಿಲ್ಲ, ಸಾಯುವವರ ಹಣೆಗೆ ಸವರುವ ಪವಿತ್ರ ಎಣ್ಣೆಯೂ ಇಲ್ಲ, ಗಂಡನೂ ಇರಲಿಲ್ಲ. ಅರವತ್ತೇಳು ವರ್ಷ ಒಂದೇ ವಿಷಯ ಕೇಳಿದವಳಿಗೆ ಅದೊಂದನ್ನೂ ದೇವರು ಕೊಡಲಿಲ್ಲವೇ? ಬುಧವಾರ ಸಂಜೆಯಿಂದ ನನ್ನ ಮನಸ್ಸಿನಲ್ಲಿ ಇದ್ದದ್ದು ಇದೊಂದೇ ಪ್ರಶ್ನೆ. ಸಮಾಧಾನ ಹೇಳಲು ಬಂದವರ ಮಾತು ನನಗೆ ಕೇಳಿಸಲಿಲ್ಲ.

ಗುರುವಾರ ಸಂಜೆ ಹೆದ್ದಾರಿ ಇಲಾಖೆಯ ಆಂಬ್ರೋಸ್ ಬಂದ. ಚಳಿಗಾಲದಲ್ಲಿ ಹಿಮ ತಳ್ಳುವ ಲಾರಿ ಓಡಿಸುವವನು, ಬೇಸಗೆಯಲ್ಲಿ ಹುಲ್ಲು ಕೊಯ್ಯುವವನು, ನಮ್ಮ ಚೀಲಗಳನ್ನು ಎತ್ತಿಕೊಳ್ಳುವವನೂ ಅವನೇ. ಟೊಪ್ಪಿಯನ್ನು ಕೈಯಲ್ಲಿ ತಿರುಗಿಸುತ್ತಾ ಅಡುಗೆಮನೆಯ ಬಾಗಿಲಲ್ಲಿ ನಿಂತ. ನಮ್ಮ ಕಡೆ ಹಿರಿಯ ಗಂಡಸರನ್ನು ಫೆಟರ್ ಎಂದೂ ಹಿರಿಯ ಹೆಂಗಸರನ್ನು ಬಾಸ್ ಎಂದೂ ಕರೆಯುತ್ತಾರೆ.

"ಫೆಟರ್ ಪಿಯುಸ್, ಈ ಹೊತ್ತಲ್ಲಿ ಕೇಳಬಾರದು. ಬಾಸ್ ಒಟಿಲಿಯಾ ಕೂತಿದ್ರಲ್ಲ, ಅಲ್ಲಿಂದ ಆಚೆ ಯಾರು ಹೆಕ್ಕಿದ್ದು?"

"ಯಾರೂ ಇಲ್ಲ. ಅದು ಹಾಗೇ ಉಳಿದಿದೆ. ಇನ್ನೊಂದು ದಿನ ಮಾಡ್ತೀವಿ."

"ಉಳಿದಿಲ್ಲ." ಅವನು ಟೊಪ್ಪಿ ತಿರುಗಿಸುವುದನ್ನು ನಿಲ್ಲಿಸಿದ. "ಐದು ಚೀಲ ಇದ್ದವು, ಹೊಲಕ್ಕೆ ತಿರುಗೋ ದಾರಿ ತನಕ. ಬಾಸ್ ಕಟ್ಟಿದ್ದು ಮೂರು ಚೀಲ, ನಿಮ್ಮ ಕೆಂಪು ಹುರೀಲಿ. ಅದು ನನಗೆ ಗೊತ್ತು, ಇಪ್ಪತ್ತು ವರ್ಷದಿಂದ ಬಿಚ್ಚೋಕಾಗದೆ ಬೈಕೊಂಡಿದೀನಿ. ಈ ಐದಕ್ಕೆ ಹುರಿನೇ ಇಲ್ಲ. ಚೀಲದ ಕತ್ತನ್ನೇ ತಿರುಚಿ, ಮಡಚಿ, ಅದರೊಳಗೇ ತೂರಿಸಿ ಕಟ್ಟಿದಾರೆ. ಎಳೆದ್ರೆ ಒಂದೇ ಸಲಕ್ಕೆ ಬಿಚ್ಕೊಳುತ್ತೆ, ಬಿಟ್ರೆ ಬಿಗಿಯಾಗಿರುತ್ತೆ. ನಮ್ಮೂರಲ್ಲಿ ಯಾರೂ ಹಾಗೆ ಕಟ್ಟಲ್ಲ. ಇನ್ನೊಂದು ವಿಷಯ, ಫೆಟರ್. ಆ ದಾರಿ ಬಾಯಲ್ಲಿರೋ ಮೈಲಿಕಂಬಕ್ಕೆ ಜೇನುಹುಳ ಮುತ್ತಿದಾವೆ, ಇಷ್ಟು ದಪ್ಪ."

ಶುಕ್ರವಾರ ಬೆಳಿಗ್ಗೆ ನಾನೊಬ್ಬನೇ ಅಲ್ಲಿಗೆ ಹೋದೆ. ಅವಳು ಕೂತಿದ್ದ ಕಂಬದ ಬಳಿ ಗಾಡಿ ನಿಲ್ಲಿಸಿ, ಕೋಲೂರಿಕೊಂಡು ತಗ್ಗಿಗಿಳಿದು ನಡೆದೆ. ಮೊಣಕಾಲಿನ ನೋವು ಆ ದಿನ ನನ್ನನ್ನು ತಡೆಯಲಿಲ್ಲ.

ಇಪ್ಪತ್ತೆರಡು ವರ್ಷದಲ್ಲಿ ಅಂಥ ತಗ್ಗನ್ನು ನಾನು ಕಂಡಿರಲಿಲ್ಲ. ನಾವು ಡಬ್ಬಿ ಹೆಕ್ಕುತ್ತೇವೆ, ಲೋಟ ಹೆಕ್ಕುತ್ತೇವೆ, ಸಿಗರೇಟಿನ ತುಂಡನ್ನು ಕಂಡೂ ಕಾಣದವರಂತೆ ದಾಟಿ ಹೋಗುತ್ತೇವೆ. ಇಲ್ಲಿ ಸಿಗರೇಟಿನ ತುಂಡೂ ಇರಲಿಲ್ಲ. ಹೋದ ವರ್ಷದ ಒಣಹುಲ್ಲಿನ ಬುಡದಲ್ಲಿ ಸಿಕ್ಕಿಕೊಳ್ಳುವ ಪ್ಲಾಸ್ಟಿಕ್ಕಿನ ಚೂರುಗಳಿರಲಿಲ್ಲ. ಒಂದು ಬಾಟಲಿಯ ಮುಚ್ಚಳವಿರಲಿಲ್ಲ. ಪೂಜೆಯ ಪೀಠದ ಮುಂದಿನ ನೆಲವನ್ನು ಹೆಂಗಸರು ಈಸ್ಟರಿನ ಹಿಂದಿನ ದಿನ ಮಂಡಿಯೂರಿ ಒರೆಸಿದಂತೆ ಯಾರೋ ಆ ಹುಲ್ಲನ್ನು ಎಳೆ ಎಳೆಯಾಗಿ ನೋಡಿದ್ದರು. ಮೇಲೆ ಆಕಾಶ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಬಿಚ್ಚಿಕೊಂಡಿತ್ತು. ಗಾಳಿ ಒಂದು ಗಳಿಗೆ ನಿಂತಿತು. ನನಗೆ ಟೊಪ್ಪಿ ತೆಗೆಯಬೇಕೆನಿಸಿ ತೆಗೆದೆ.

ದಾರಿಯ ಬಾಯಲ್ಲಿ ದೊಡ್ಡ ಲಾರಿಯ ಚಕ್ರದ ಗುರುತುಗಳಿದ್ದವು. ಮೈಲಿಕಂಬದ ಮೇಲೆ ಆಂಬ್ರೋಸ್ ಹೇಳಿದಂತೆ ಜೇನುಹುಳಗಳು ಒಂದರ ಮೇಲೊಂದು ಹತ್ತಿ ಕಂದು ಬಣ್ಣದ ಗಡ್ಡದ ಹಾಗೆ ಜೋತುಬಿದ್ದಿದ್ದವು. ಒಂದೇ ಸ್ವರದಲ್ಲಿ ಗುಂಯ್ಗುಟ್ಟುತ್ತಿದ್ದವು. ಆಗ ನನಗೆ ವಿಷಯ ಹೊಳೆಯಿತು. ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಬಾದಾಮಿ ತೋಟಗಳಿಂದ ಜೇನುಪೆಟ್ಟಿಗೆಗಳು ಬಲೆ ಹೊದ್ದ ಲಾರಿಗಳಲ್ಲಿ ನಮ್ಮ ಕಡೆಗೆ ಬರುತ್ತವೆ. ಇಲ್ಲಿನ ಹೂವಿಗಾಗಿ. ಆ ಲಾರಿಗಳು ಹಗಲಿನಲ್ಲಿ ಎಲ್ಲೂ ನಿಲ್ಲುವುದಿಲ್ಲ. ಓಡುತ್ತಿದ್ದರೆ ಗಾಳಿಗೆ ಹುಳಗಳು ಒಳಗೇ ಇರುತ್ತವೆ. ಬಿಸಿಲಲ್ಲಿ ನಿಂತರೆ ಕಾವಿಗೆ ಹೊರಬೀಳುತ್ತವೆ, ಬಲೆಯ ಸಂದಿನಿಂದ ಹಾರಿಹೋಗುತ್ತವೆ, ಲಾರಿ ಹೊರಟ ಮೇಲೆ ಗೂಡಿಲ್ಲದೆ ಅಲ್ಲೇ ಉಳಿಯುತ್ತವೆ. ಇದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಅಂಥ ಲಾರಿಯನ್ನು ಯಾರೋ ಇಲ್ಲಿ ಬಹಳ ಹೊತ್ತು ನಿಲ್ಲಿಸಿದ್ದರು.

ನಮ್ಮ ಜಿಲ್ಲೆಯಲ್ಲಿ ಅಷ್ಟು ದೊಡ್ಡದಾಗಿ ಜೇನು ಸಾಕುವವನು ಲೆರಾಯ್ ಒಬ್ಬನೇ. ನನ್ನನ್ನು ಕಂಡು ಮೊದಲು ಸಂತಾಪದ ಮಾತಾಡಿದ. ನಾನು ಬುಧವಾರದ ಲಾರಿಯ ವಿಷಯ ಎತ್ತಿದೊಡನೆ ಅವನ ಮುಖ ಬದಲಾಯಿತು.

"ಅದನ್ನ ಕೇಳಬೇಡಿ. ಎವೆಲಿಯೊ ಅಂತ, ನಿಕರಾಗುವಾದವನು, ಆರು ವರ್ಷದಿಂದ ನನ್ನ ಹತ್ರ ಇದಾನೆ. ಒಂದು ನಿಮಿಷ ತಡ ಮಾಡಿದವನಲ್ಲ. ಮೊನ್ನೆ ಮಟಮಟ ಮಧ್ಯಾಹ್ನ ಒಂದು ಗಂಟೆಗಿಂತ ಹೆಚ್ಚು ನಿಲ್ಲಿಸಿದಾನೆ! ಮೇಲಿನ ಸಾಲಿನ ಪೆಟ್ಟಿಗೆ ಎಲ್ಲ ಅರ್ಧ ಖಾಲಿ. ಜೇನು ಲಾರಿ ನಿಲ್ಲಿಸಬಾರದು ಅಂತ ಅವನಿಗೆ ನಾನು ಹೇಳಿಕೊಡಬೇಕಾ? ಅವನೇ ಬೇರೆಯವರಿಗೆ ಹೇಳಿಕೊಡೋನು. ಯಾಕಯ್ಯಾ ಅಂದ್ರೆ 'ಕೆಲಸ ಇತ್ತು' ಅಂತಾನೆ. ರಸ್ತೆ ಮಧ್ಯ ಏನು ಕೆಲಸ ಅಂದ್ರೆ ಬಾಯಿ ಬಿಡಲ್ಲ."

"ಅವನೆಲ್ಲಿ?"

"ಗಾಳಿ ತಡೆಯೋ ಮರಗಳ ಸಾಲಿನ ಹಿಂದೆ, ಪೆಟ್ಟಿಗೆ ಇಳಿಸ್ತಿದಾನೆ. ಬಲೆಟೊಪ್ಪಿ ಹಾಕ್ಕೊಳ್ಳಿ. ಸಿಟ್ಟಲ್ಲಿದಾವೆ ಅವು. ನನಗಿಂತ ಹೆಚ್ಚು."

ಮರಗಳ ಹಿಂದಿನ ಗಾಳಿ ಬೀಸದ ಜಾಗದಲ್ಲಿ ನೂರಾರು ಬಿಳಿ ಪೆಟ್ಟಿಗೆಗಳು ಸಾಲಾಗಿದ್ದವು. ಗುಂಯ್ಗುಡುವ ಸದ್ದು ನೆಲದಿಂದಲೇ ಬರುತ್ತಿರುವಂತೆ ಕಾಲಿಗೆ ತಾಗುತ್ತಿತ್ತು. ಐವತ್ತರ ಆಸುಪಾಸಿನ ಗಿಡ್ಡ ಮನುಷ್ಯನೊಬ್ಬ ಬಲೆಯ ಹಗ್ಗ ಬಿಚ್ಚುತ್ತಿದ್ದ. ಒಂದು ತುದಿ ಹಿಡಿದು ಎಳೆದ. ಗಂಟು ಒಂದೇ ಸಲಕ್ಕೆ ಬಿಚ್ಚಿಕೊಂಡಿತು. ಅವನು ನನ್ನನ್ನು ನೋಡಿದ, ನಾನು ಬುಧವಾರದಿಂದ ಬಿಚ್ಚದ ಹಳದಿ ಜಾಕೆಟ್ಟನ್ನೂ ನೋಡಿದ, ಕೈಗವಸು ತೆಗೆದು ನಕ್ಕ.

"ನೀವು ಆ ಅಮ್ಮನ, ಸೆನ್ಯೋರಾ ಅವರ ಗಂಡ. ಬಂದ್ರಲ್ಲ ಹಾಗಾದ್ರೆ! ಹೇಗಿದಾರೆ ಅವರು?"

ಸುಳ್ಳು ಹೇಳುವ ಆಸೆ ಆ ಕ್ಷಣ ನನಗೆ ಬಂತು, ದೇವರು ಕ್ಷಮಿಸಲಿ. ಆ ಮುಖದ ನಗುವನ್ನು ಕೆಡಿಸಲು ನನಗೆ ಮನಸ್ಸಿರಲಿಲ್ಲ. ಆದರೆ ನಾನು ಬಂದದ್ದು ಸತ್ಯ ಕೇಳಲು. ಸತ್ಯ ಕೊಡದೆ ಸತ್ಯ ಕೇಳುವುದು ಹೇಗೆ?

"ತೀರಿಕೊಂಡಳಪ್ಪ. ಅಲ್ಲೇ, ಆ ಕಂಬದ ಹತ್ರ. ನಾಳೆ ಮಣ್ಣು ಮಾಡ್ತೀವಿ."

ಅವನು ಬರಿಗೈಯಿಂದ ಪೆಟ್ಟಿಗೆಯೊಂದನ್ನು ಹಿಡಿದುಕೊಂಡ. ಹುಳಗಳು ಕೈಯ ಮೇಲೆ ಹತ್ತಿದವು. ಅವನಿಗೆ ಅದರ ಪರಿವೆಯಿರಲಿಲ್ಲ. ಆಮೇಲೆ ಹುಲ್ಲಿನ ಮೇಲೆ ಕುಸಿದು ಕೂತ. ನಾನೂ ಕಷ್ಟಪಟ್ಟು ಪಕ್ಕದಲ್ಲಿ ಕೂತೆ.

"ನಾನು ಫೋನ್ ಮಾಡ್ಬೇಕಿತ್ತು" ಎಂದ.

"ನಾನು ತಲೆ ಎಣಿಸ್ಬೇಕಿತ್ತು" ಎಂದೆ. ಅವನಿಗೆ ಅರ್ಥವಾಗಲಿಲ್ಲ. ಜಾಕೆಟ್ಟಿನ ಕಥೆ ಹೇಳಿದೆ. ದಿಣ್ಣೆಯ ತನಕ ಬಂದು ಗಾಡಿ ತಿರುಗಿಸಿದ್ದನ್ನೂ ಹೇಳಿದೆ. ಅದುವರೆಗೆ ಪಾದ್ರಿಯ ಮುಂದೆಯೂ ಅದನ್ನು ಪೂರ್ತಿಯಾಗಿ ಹೇಳಿರಲಿಲ್ಲ. ಅವನು ಕೇಳಿಸಿಕೊಂಡ.

"ಏನಾಯ್ತು ಹೇಳು. ಎಲ್ಲಾನೂ ಹೇಳು" ಎಂದೆ.

"ಲಾರಿಯಿಂದ ನೋಡಿದೆ. ಆ ವಯಸ್ಸಿನೋರು ಹುಲ್ಲಲ್ಲಿ ಹಾಗೆ ಸುಮ್ಮನೆ ಕೂರಲ್ಲ. ಲಾರಿ ನಿಲ್ಲಿಸೋಕೆ ಜಾಗ ಸಿಕ್ಕಿದ್ದು ಮುಂದೆ ಹೊಲದ ದಾರೀಲಿ. ನಡ್ಕೊಂಡು ವಾಪಸ್ ಬಂದೆ. ಹುಷಾರಿಲ್ವಾ ಸೆನ್ಯೋರಾ ಅಂದೆ. ನಾನು ಹುಷಾರಾಗೇ ಇದೀನಿ, ಕಾಲು ಮಾತ್ರ ಇವತ್ತು ಮಾತು ಕೇಳ್ತಿಲ್ಲ ಅಂದ್ರು. ಫೋನ್ ಮಾಡ್ಲಾ ಅಂದೆ. ಬೇಡ, ನನ್ನ ಗಂಡ ಬರ್ತಾನೆ, ಬಿಷಪ್ಪರನ್ನ ಕೂರಿಸ್ಕೊಂಡ ಹಾಗೆ ಗಾಡಿ ಓಡಿಸ್ತಾನೆ, ನಿಧಾನ, ಆದ್ರೆ ಬಂದೇ ಬರ್ತಾನೆ ಅಂದ್ರು."

ನಾನು ತಲೆ ತಗ್ಗಿಸಿದೆ. ಅವನು ಮುಂದುವರಿಸಿದ.

"ಬಿಸಿಲು ಮುಖಕ್ಕೆ ಬೀಳ್ತಿತ್ತು. ನಾನು ಅಡ್ಡ ಕೂತೆ, ನೆರಳಾಗ್ಲಿ ಅಂತ. ಕೈಯಲ್ಲಿ ಒಂದು ಬಿಯರ್ ಡಬ್ಬಿ ಹಿಡ್ಕೊಂಡು ತುಟಿ ಆಡಿಸ್ತಿದ್ರು. ಏನು ಮಾಡ್ತಿದೀರಿ ಅಂದೆ. ಇದನ್ನ ಎಸೆದವನಿಗೋಸ್ಕರ ಒಂದು ನಮೋ ಮರಿಯಾ ಜಪ ಹೇಳ್ತಿದೀನಿ ಅಂದ್ರು."

"ಏನಂದೆ?"

"ನಿಮಗೆ ಗೊತ್ತಿಲ್ವಾ?" ಅವನು ನನ್ನನ್ನು ಅಚ್ಚರಿಯಿಂದ ನೋಡಿದ. "ಒಂದೊಂದು ಸಾಮಾನಿಗೂ ಒಂದೊಂದಂತೆ. ಡಬ್ಬಿ ಎಸೆದವನಿಗೆ ಒಂದು, ಸಿಗರೇಟು ಎಸೆದವನಿಗೆ ಒಂದು. ಇವರು ಕುಡಿದು ಓಡಿಸ್ತಾರೆ, ನಿದ್ದೆ ತಡ್ಕೊಂಡು ಓಡಿಸ್ತಾರೆ, ಮನೇಲಿ ಜಗಳ ಆಡ್ಕೊಂಡು ಓಡಿಸ್ತಾರೆ, ಎಲ್ಲರೂ ಮನೆ ಮುಟ್ಟಬೇಕಲ್ಲ ಅಂದ್ರು. ಅದಕ್ಕೇ ನನಗೆ ತಡ ಆಗುತ್ತೆ, ನಮ್ಮೋರೆಲ್ಲ ಬೈತಾರೆ ಅಂತ ನಕ್ಕರು."

ಇಪ್ಪತ್ತೆರಡು ವರ್ಷ, ವರ್ಷಕ್ಕೆ ಮೂರು ಸಲ. ಯಾವ ಯಾವ ರಾಜ್ಯದ ಯಾರು ಯಾರೋ, ಕಿಟಕಿ ಇಳಿಸಿ ಕೈಬಿಟ್ಟು ಮರೆತೇಹೋದವರು, ಅವರಿಗೆ ಗೊತ್ತಿಲ್ಲದೆ ಅವರ ಹಿಂದೆ ಒಬ್ಬ ಹೆಂಗಸು ಬಗ್ಗಿ ಎದ್ದು ಪ್ರಾರ್ಥಿಸುತ್ತಾ ಬಂದಿದ್ದಳು. ಯೌವನದಲ್ಲಿ ಅದೇ ರಸ್ತೆಯಲ್ಲಿ ನಾನೂ ಬಾಟಲಿ ಎಸೆದಿದ್ದೇನೆ. ಒಂದೇ ಮಂಚದಲ್ಲಿ ಮಲಗಿದ ನನಗೆ ಇದು ತಿಳಿದಿರಲಿಲ್ಲ. ಜೇನು ಲಾರಿಯ ಚಾಲಕನಿಗೆ ಹೇಳಿಹೋಗಿದ್ದಳು.

"ಇಬ್ಬರೂ ಸೇರಿ ಜಪಮಾಲೆಯ ಹತ್ತು ಮಣಿ ಹೇಳಿದ್ವಿ" ಎಂದ ಎವೆಲಿಯೊ. "ಅವರು ಅವರ ಜರ್ಮನ್‌ನಲ್ಲಿ, ನಾನು ನನ್ನ ಸ್ಪ್ಯಾನಿಷ್‌ನಲ್ಲಿ. ಮುಗಿಯೋದು ಮಾತ್ರ ಒಟ್ಟಿಗೇ. ಆಮೇಲೆ ಮುಂದಿನ ಹುಲ್ಲನ್ನೇ ನೋಡ್ತಾ ಕೂತ್ರು. ಏನು ಅಂದೆ. ನನ್ನ ಪಾಲಿನದು ಉಳಿದುಹೋಯ್ತು, ಅಲ್ಲಿರೋರಿಗೋಸ್ಕರ ಯಾರೂ ಜಪ ಹೇಳಲಿಲ್ಲ ಅಂದ್ರು. ಅಲ್ಲಿರೋರು ಅಂತ, ಕಸ ಅನ್ನಲಿಲ್ಲ. ನಾನು ಮಾಡ್ತೀನಿ ಬಿಡಿ ಅಂದೆ. ಹೇಳ್ಕೊಂಡೇ ಮಾಡ್ಬೇಕು, ಲಾರಿ ಚಾಲಕರ ಹಾಗೆ ಅವಸರ ಮಾಡ್ಬಾರ್ದು ಅಂದ್ರು. ಚೀಲ ಕೊಟ್ರು."

"ನಿನ್ನ ಹುಳ ಹಾರಿಹೋಗ್ತಿದ್ವಲ್ಲೋ."

"ಹಾರಿಹೋಗ್ತಿದ್ವು. ಕೇಳಿಸ್ತಿತ್ತು." ಅವನು ಕೈ ಮೇಲಿದ್ದ ಹುಳವೊಂದನ್ನು ಮೆಲ್ಲಗೆ ಊದಿ ಹಾರಿಸಿದ. "ಮಾತು ಕೊಟ್ಟಿದ್ದೆ. ಹೇಳ್ಕೊಂಡೇ ಹೆಕ್ಕಿದೆ. ಒಂದೊಂದು ಚೀಲ ಕಟ್ಟಿದಾಗಲೂ ತಿರುಗಿ ನೋಡ್ತಿದ್ದೆ. ಮೊದಲನೇದು ಕಟ್ಟಿದಾಗ ಕೈ ಎತ್ತಿದ್ರು. ಎರಡನೇದಕ್ಕೂ ಎತ್ತಿದ್ರು. ಮೂರನೇದಕ್ಕೆ ಹೀಗೆ ಸ್ವಲ್ಪ, ಬೆರಳು ಮಾತ್ರ. ನಾಲ್ಕನೇದು ಕಟ್ಟಿ ನೋಡಿದೆ, ತಲೆ ಬಾಗಿತ್ತು. ನಿದ್ದೆ ಬಂತು, ಪಾಪ ಅಂದ್ಕೊಂಡೆ. ಐದನೇದು ಮುಗಿಸಿ ಲಾರಿ ಹತ್ತಿದೆ. ಹೊರಡುವಾಗ ಹಾರ್ನ್ ಹೊಡೀಬೇಕು ಅಂತಿದ್ದೆ. ಎಚ್ಚರ ಆಗುತ್ತೆ ಅಂತ ಹೊಡೀಲಿಲ್ಲ."

ಅವನು ಅಳುತ್ತಿದ್ದ. ನಾನು ಅಳುತ್ತಿರಲಿಲ್ಲ. ನನ್ನ ಮೈಯೆಲ್ಲ ರೋಮಾಂಚನವಾಗಿತ್ತು.

ನಮೋ ಮರಿಯಾ ಪ್ರಾರ್ಥನೆಯನ್ನು ಬಲ್ಲವರಿಗೆ ಗೊತ್ತು, ಅದು ಮುಗಿಯುವುದೇ 'ಈಗಲೂ ನಮ್ಮ ಮರಣದ ಗಳಿಗೆಯಲ್ಲೂ ನಮಗಾಗಿ ಪ್ರಾರ್ಥಿಸು' ಎಂಬ ಬೇಡಿಕೆಯಲ್ಲಿ. ಮೂರನೆಯ ಚೀಲಕ್ಕೂ ನಾಲ್ಕನೆಯ ಚೀಲಕ್ಕೂ ನಡುವೆ, ಒಟಿಲಿಯಾಳ ಉಸಿರು ನಿಲ್ಲುತ್ತಿದ್ದಾಗ, ಅವಳ ಕಣ್ಣಳತೆಯಲ್ಲೇ ಒಬ್ಬ ಮನುಷ್ಯ ಹುಲ್ಲಿನಲ್ಲಿ ಬಗ್ಗಿ, ಒಂದೊಂದು ಮುಚ್ಚಳಕ್ಕೆ, ಒಂದೊಂದು ಚೂರಿಗೆ, ಆ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದ. ಯಾರಿಗಾಗಿ ಹೇಳುತ್ತಿದ್ದೇನೆಂದು ಅವನಿಗೆ ಗೊತ್ತಿರಲಿಲ್ಲ. ಅವಳಿಗೂ ಗೊತ್ತಿತ್ತೋ ಇಲ್ಲವೋ. ಹತ್ತಿರ ಕೂತು ಒಬ್ಬರು ಪ್ರಾರ್ಥಿಸಲಿ ಎಂದಷ್ಟೇ ಅವಳು ಕೇಳಿದ್ದಳು. ದೇವರು ಅದನ್ನು ಕೊಟ್ಟಿದ್ದ. ಕೇಳಿದ್ದಕ್ಕಿಂತ ಹೆಚ್ಚಾಗಿಯೇ ಕೊಟ್ಟಿದ್ದ. ನನ್ನ ಕೈಯಿಂದ ಕೊಡಲಿಲ್ಲ, ಅಷ್ಟೆ. ಆ ನೋವು ನನಗೆ ಸಾಯುವ ತನಕ ಇರುತ್ತದೆ, ಇರಬೇಕಾದದ್ದೇ. ಆದರೆ ಅವಳು ಒಬ್ಬಳೇ ಹೋಗಲಿಲ್ಲ.

ಇದನ್ನು ಎವೆಲಿಯೊಗೆ ನನ್ನಿಂದಾದಷ್ಟು ಬಿಡಿಸಿ ಹೇಳಿದೆ. ಅವನು ನನ್ನ ರಟ್ಟೆ ಹಿಡಿದು ಎಬ್ಬಿಸಿ ನಿಲ್ಲಿಸಿದ. ಲೆರಾಯ್ ಅಲ್ಲೇ ಲಾರಿಯ ಹಿಂದೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದನೆಂದು ಆಗ ತಿಳಿಯಿತು.

"ಮೊದಲೇ ಹೇಳೋಕೇನಾಗಿತ್ತೋ ಪುಣ್ಯಾತ್ಮ, ನಾನು ಎರಡು ದಿನದಿಂದ ನಿನ್ನ ಬೈಕೊಂಡು ಓಡಾಡ್ತಿದೀನಿ" ಎಂದ ಅವನು.

"ಹೇಳಿದ್ರೆ ಕಸ ಹೆಕ್ಕೋಕೆ ನಿಲ್ಲಿಸಿದೆ ಅಂತ ಇನ್ನೂ ಹೆಚ್ಚು ಬೈತಿದ್ರಿ" ಎಂದ ಎವೆಲಿಯೊ.

ಶನಿವಾರ ಚರ್ಚಿನ ಹಿಂದೆ, ನಮ್ಮ ಹಿರಿಯರ ಕಬ್ಬಿಣದ ಶಿಲುಬೆಗಳ ನಡುವೆ ಅವಳನ್ನು ಮಣ್ಣಿಗಿಟ್ಟೆವು. ಯೂಜೀನಿಯಾ ನನ್ನ ಒಂದು ಪಕ್ಕದಲ್ಲಿದ್ದಳು. ಇನ್ನೊಂದು ಪಕ್ಕದಲ್ಲಿ ಎವೆಲಿಯೊ ನಿಲ್ಲಬೇಕೆಂದು ನಾನೇ ಕೇಳಿಕೊಂಡೆ. ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. ಪಾದ್ರಿ ತಮ್ಮ ಪ್ರಾರ್ಥನೆ ಮುಗಿಸಿ ಪುಸ್ತಕ ಮುಚ್ಚಿದ ಮೇಲೆ, ನಾನು ಒಂದು ಹಿಡಿ ಮಣ್ಣು ತೆಗೆದುಕೊಂಡು ನನ್ನ ಮಾತಿನಲ್ಲಿ ಬೇಡಿಕೊಂಡೆ.

ಕರ್ತನೇ, ನಿನ್ನ ಮಗಳು ಒಟಿಲಿಯಾಳನ್ನು ನಿನ್ನ ಮನೆಗೆ ಸೇರಿಸಿಕೋ. ದಾರಿಯಲ್ಲಿ ಹೋಗುವವರೆಲ್ಲರೂ ಮನೆ ಮುಟ್ಟಲೆಂದು ಕೇಳಿದವಳು ಅವಳು. ಅವಳಿಗೆ ಗೊತ್ತಿಲ್ಲದೆ ಆದ ತಪ್ಪುಗಳಿದ್ದರೆ ಮನ್ನಿಸು. ಗೊತ್ತಿದ್ದೂ ಆದ ನನ್ನ ತಪ್ಪಿಗೆ ಅವಳನ್ನು ಕಾಯಿಸಬೇಡ. ನಾನು ಬರುವ ತನಕ ನಿನ್ನ ಬೆಳಕಿನಲ್ಲಿ ಅವಳಿಗೆ ವಿಶ್ರಾಂತಿ ಕೊಡು. ಅವಳ ಆತ್ಮಕ್ಕೆ ಶಾಂತಿ ಕೊಡು. ಆಮೆನ್.